ಕಬ್ಬಿನ ಮೆತ್ತೆಯೋ, ಬಾಟಲಿಯ ನೂಲೋ: ಪರಿಸರಸ್ನೇಹಿ ಓಟದ ಶೂ ಆರಿಸುವವರಿಗೆ

ಓಡಲು ಶುರು ಮಾಡಿ ಒಂದೆರಡು ವರ್ಷ ಕಳೆದವರು ಮೂರನೆಯ ಅಥವಾ ನಾಲ್ಕನೆಯ ಜೊತೆ ಶೂ ಕೊಳ್ಳುವ ಹೊತ್ತಿಗೆ, ಮನೆಯ ಮೂಲೆಯಲ್ಲಿ ಸವೆದು ಬಿದ್ದಿರುವ ಹಳೆಯ ಜೊತೆಗಳ ಕಡೆ ಒಮ್ಮೆ ಕಣ್ಣು ಹಾಯುತ್ತದೆ. ಕಸದ ಗಾಡಿಗೆ ಹಾಕಿದರೆ ಅವು ಎಲ್ಲಿಗೆ ಹೋಗುತ್ತವೆಂದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಮುಂದಿನ ಜೊತೆಯಾದರೂ ಪರಿಸರಕ್ಕೆ ಕಡಿಮೆ ಹೊರೆಯದ್ದಾಗಿರಲಿ ಎಂಬ ಆಸೆ ಹುಟ್ಟುತ್ತದೆ. ನನ್ನ ಬಳಿ ಈಚೆಗೆ ಬರುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಕಬ್ಬಿನಿಂದ ಮಾಡಿದ ಮೆತ್ತೆಯ ಶೂ ಕೊಳ್ಳಬೇಕೆ, ದೊಡ್ಡ ಕಂಪನಿಗಳು ಹಳೆಯ ಪ್ಲಾಸ್ಟಿಕ್ ಬಾಟಲಿಯ ನೂಲು ಸೇರಿಸಿ ಮಾಡುವುದನ್ನು ಕೊಳ್ಳಬೇಕೆ, ಸವೆದ ಮೇಲೆ ತಯಾರಕರೇ ಮರಳಿ ಪಡೆಯುವಂಥದ್ದನ್ನು ಹುಡುಕಬೇಕೆ, ಅಥವಾ ಈ ಗೋಜೆಲ್ಲ ಬೇಡವೆಂದು ಮೂರು ಸಾವಿರ ರೂಪಾಯಿಯ ಸಾಧಾರಣ ಶೂ ಕೊಂಡು ಸುಮ್ಮನಾಗಬೇಕೆ?

ಮೊಣಕಾಲಿಗೆ ಮೆತ್ತೆ ಬೇಕು, ಮನಸ್ಸಿಗೆ ಸಮಾಧಾನ ಬೇಕು, ಜೇಬಿಗೂ ಹೊರೆಯಾಗಬಾರದು ಎಂಬ ಮೂರೂ ಬೇಡಿಕೆಗಳನ್ನು ಒಂದೇ ಜೊತೆ ಪೂರೈಸುವುದು ಅಪರೂಪ. ಕಬ್ಬಿನ ಮೆತ್ತೆಯ ಒಂದು ಜೊತೆಯನ್ನು ನಾನು ಬೆಂಗಳೂರಿನ ರಸ್ತೆಗಳಲ್ಲಿಯೂ ಲಾಲ್‌ಬಾಗಿನ ಹಾದಿಗಳಲ್ಲಿಯೂ ಎಂಟು ತಿಂಗಳು ಹಾಕಿಕೊಂಡು ಓಡಿದ್ದೇನೆ. ಆ ಅನುಭವವನ್ನು ಜೊತೆಗಿಟ್ಟುಕೊಂಡು ಈ ನಾಲ್ಕು ದಾರಿಗಳನ್ನು ಇಲ್ಲಿ ತೂಗಿ ನೋಡಿದ್ದೇನೆ. ಮಾತು ಗೊಂದಲವಾಗದಿರಲೆಂದು ನೆಲ ಮುಟ್ಟುವ ಪದರವನ್ನು ಅಟ್ಟೆ ಎಂದೂ, ಅದರ ಮೇಲಿನ ದಪ್ಪ ಫೋಮನ್ನು ಮೆತ್ತೆ ಎಂದೂ, ಪಾದ ಮುಚ್ಚುವ ಭಾಗವನ್ನು ಮೇಲ್ಬಟ್ಟೆ ಎಂದೂ ಕರೆಯುತ್ತೇನೆ.

ಮೊದಲು ಅಳತೆಗೋಲು

ಶೂ ಪರಿಸರಸ್ನೇಹಿಯೇ ಎಂದು ಕೇಳಿದೊಡನೆ ನಮ್ಮ ಗಮನ ಹೋಗುವುದು ಅದು ಯಾವುದರಿಂದ ಮಾಡಿದ್ದು ಎಂಬುದರತ್ತ. ಆದರೆ ಹೊರೆ ಬೀಳುವ ಜಾಗ ಬೇರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಒಂದು ಓಟದ ಶೂವಿನ ಜಾತಕವನ್ನೇ ಬಿಡಿಸಿಟ್ಟರು. 65 ಬಿಡಿಭಾಗಗಳನ್ನು 360ರಷ್ಟು ಹಂತಗಳಲ್ಲಿ ಜೋಡಿಸಿ ತಯಾರಾಗುವ ಒಂದು ಜೊತೆಯ ಹಿಂದೆ ಸುಮಾರು 14 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಹೊರಸೂಸುವಿಕೆ ಇರುತ್ತದೆ ಎಂದು ಅವರು ಲೆಕ್ಕ ಹಾಕಿದರು. ಅದರಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಬರುವುದು ಕಾರ್ಖಾನೆಯೊಳಗಿನ ಕೆಲಸದಿಂದ, ಅಂದರೆ ಅಚ್ಚು ಕಾಯಿಸುವುದು, ಫೋಮ್ ಉಬ್ಬಿಸುವುದು, ಕತ್ತರಿಸುವುದು, ಹೊಲಿಯುವುದು, ಅಂಟಿಸುವುದು ಮುಂತಾದವುಗಳಿಂದ. ಅದರಲ್ಲಿಯೂ ಆ ಕಾರ್ಖಾನೆಗಳು ಕಲ್ಲಿದ್ದಲಿನ ವಿದ್ಯುತ್ತಿನಿಂದ ನಡೆಯುವುದರಿಂದ. ಕಚ್ಚಾವಸ್ತುವಿನ ಪಾಲು ಹೆಚ್ಚೆಂದರೆ ಮೂರನೆಯ ಒಂದು. ಹೀಗಿರುವಾಗ ಪೆಟ್ರೋಲಿಯಂ ಬದಲು ಕಬ್ಬು ಬಳಸಿದರೂ ಒಟ್ಟು ಹೊರೆಯ ಒಂದು ಸಣ್ಣ ಭಾಗವನ್ನಷ್ಟೇ ಮುಟ್ಟಿದಂತಾಗುತ್ತದೆ.

ಆದ್ದರಿಂದ ನನ್ನ ಮೊದಲ ಅಳತೆಗೋಲು ಕಿಲೋಮೀಟರು. ಓಟದ ಶೂವಿನ ಆಯುಸ್ಸನ್ನು ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಎಂದು ಹೇಳುವ ರೂಢಿಯಿದೆ. 14 ಕಿಲೋ ಹೊರೆಯ ಸಾಮಾನ್ಯ ಶೂ 700 ಕಿ.ಮೀ. ಬಾಳಿದರೆ ಕಿಲೋಮೀಟರಿಗೆ 20 ಗ್ರಾಂ ಲೆಕ್ಕ ಬೀಳುತ್ತದೆ. 9 ಕಿಲೋ ಹೊರೆಯ 'ಹಸಿರು' ಶೂ 400 ಕಿ.ಮೀ.ಗೇ ಕೈಕೊಟ್ಟರೆ ಅದರ ಲೆಕ್ಕ 22.5 ಗ್ರಾಂ ಆಗುತ್ತದೆ. ಅದೇ ಶೂ 600 ಕಿ.ಮೀ. ಬಾಳಿದರೆ 15 ಗ್ರಾಮಿಗೆ ಇಳಿಯುತ್ತದೆ. ಹಸಿರೆಂದು ಕೊಂಡದ್ದು ಹಸಿರಾಗುವುದೂ ಆಗದಿರುವುದೂ ಅದು ಎಷ್ಟು ದೂರ ಬಾಳುತ್ತದೆ ಎಂಬುದರ ಮೇಲೆ ನಿಂತಿದೆ. ಹಣದ ಲೆಕ್ಕವನ್ನೂ ಹೀಗೆಯೇ ಹಾಕಬೇಕು. 3,000 ರೂಪಾಯಿಯ ಶೂ 500 ಕಿ.ಮೀ. ಬಂದರೆ ಕಿಲೋಮೀಟರಿಗೆ 6 ರೂಪಾಯಿ. 15,000 ರೂಪಾಯಿಯದ್ದು 750 ಕಿ.ಮೀ. ಬಂದರೆ 20 ರೂಪಾಯಿ.

ಎರಡನೆಯ ಅಳತೆಗೋಲು ಮೆತ್ತೆ. ಅಂಗಡಿಯಲ್ಲಿ ಹಾಕಿಕೊಂಡ ಮೊದಲ ಕ್ಷಣ ಹಾಸಿಗೆಯ ಮೇಲೆ ನಿಂತಂತೆ ಅನಿಸುವ ಶೂಗಳೆಲ್ಲ ಒಳ್ಳೆಯ ಮೆತ್ತೆಯವಲ್ಲ. ಒತ್ತಿದ ಮೇಲೆ ಮರಳಿ ಏಳುವ ಗುಣವೇ ಮೆತ್ತೆಯ ನಿಜವಾದ ಗುಣ. ಆ ಗುಣ ಎಷ್ಟು ನೂರು ಕಿಲೋಮೀಟರಿನವರೆಗೆ ಉಳಿಯುತ್ತದೆ ಎಂಬುದನ್ನು ನೋಡಬೇಕು. ಓಡುವವರ ತೂಕ 60 ಕಿಲೋ ಇದ್ದಾಗ ಸಾಕಾಗುವ ಮೆತ್ತೆ 85 ಕಿಲೋ ಇದ್ದಾಗ ಸಾಲುವುದಿಲ್ಲ.

ಮೂರನೆಯದು ನಮ್ಮ ಹವೆ ಮತ್ತು ನೆಲ. ಈ ಶೂಗಳಲ್ಲಿ ಹೆಚ್ಚಿನವು ತಂಪು ದೇಶಗಳ ನುಣುಪು ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡವು. ಮಂಗಳೂರಿನ ಜುಲೈ ತಿಂಗಳಿಗೂ, ಕಲಬುರಗಿಯ ಏಪ್ರಿಲಿಗೂ, ಬೆಂಗಳೂರಿನ ಒಡೆದ ಕಾಲುದಾರಿಯ ಚಪ್ಪಡಿಗಳಿಗೂ ಅವು ಹೇಗೆ ಒಗ್ಗುತ್ತವೆ ಎಂಬುದನ್ನು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಕೊನೆಯದು ಮಾತಿನ ಪ್ರಾಮಾಣಿಕತೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 'ಹಸಿರು', 'ಪರಿಸರಸ್ನೇಹಿ' ಮುಂತಾದ ಪದಗಳನ್ನು ಜಾಹೀರಾತಿನಲ್ಲಿ ಸುಮ್ಮನೆ ಎಸೆಯುವಂತಿಲ್ಲ. ಯಾವ ಭಾಗ, ಎಷ್ಟು ಪ್ರಮಾಣ, ಅದಕ್ಕೆ ಆಧಾರವೇನು ಎಂಬುದನ್ನು ತಿಳಿಸಬೇಕು. ಹೀಗಾಗಿ 'ಮೇಲ್ಬಟ್ಟೆಯ ಶೇಕಡ 75 ಮರುಬಳಕೆಯ ಪಾಲಿಯೆಸ್ಟರ್' ಎಂದು ಬರೆದಿರುವ ಪೆಟ್ಟಿಗೆಯನ್ನು ನಾನು ನಂಬುತ್ತೇನೆ. ಎರಡು ಎಲೆಗಳ ಚಿತ್ರ ಹಾಕಿ ಸುಮ್ಮನಾದ ಪೆಟ್ಟಿಗೆಯನ್ನು ಅದರ ಜಾಗಕ್ಕೇ ಮರಳಿ ಇಡುತ್ತೇನೆ.

ಕಬ್ಬಿನ ಮೆತ್ತೆ, ನೀಲಗಿರಿಯ ಮೇಲ್ಬಟ್ಟೆ

ಈ ಬಗೆಗೆ ಹೆಸರು ತಂದದ್ದು ಸ್ಯಾನ್ ಫ್ರಾನ್ಸಿಸ್ಕೋದ ಆಲ್‌ಬರ್ಡ್ಸ್. 2018ರಲ್ಲಿ ಅದು ಬ್ರೆಜಿಲಿನ ಪ್ಲಾಸ್ಟಿಕ್ ತಯಾರಕ ಕಂಪನಿ ಬ್ರಾಸ್ಕೆಮ್ ಜೊತೆಗೂಡಿ ಕಬ್ಬಿನ ಮೂಲದ ಫೋಮನ್ನು ತಂದಿತು ಮತ್ತು ಅದನ್ನು ತಯಾರಿಸುವ ಬಗೆಯನ್ನು ಬೇರೆ ಕಂಪನಿಗಳೂ ಬಳಸಲಿ ಎಂದು ಬಿಟ್ಟುಕೊಟ್ಟಿತು. 2020ರಲ್ಲಿ ಓಟಕ್ಕೆಂದೇ ಬಂದ ಅದರ ಟ್ರೀ ಡ್ಯಾಷರ್ ಶೂವಿಗೆ ಕಬ್ಬಿನ ಮೆತ್ತೆ, ನೀಲಗಿರಿ ಮರದ ತಿರುಳಿನ ನೂಲಿನಿಂದ ಹೆಣೆದ ಮೇಲ್ಬಟ್ಟೆ. ಆಗ ಅಮೆರಿಕದಲ್ಲಿ ಅದರ ಬೆಲೆ 125 ಡಾಲರ್. ತಿಂಡಿ ಪೊಟ್ಟಣದ ಮೇಲೆ ಕ್ಯಾಲರಿ ಬರೆದಂತೆ ಶೂವಿನ ಮೇಲೆ ಇಂಗಾಲದ ಹೊರೆಯನ್ನು ಮುದ್ರಿಸುವ ಪದ್ಧತಿಯನ್ನೂ ಆ ಕಂಪನಿ ಅದೇ ವರ್ಷ ಆರಂಭಿಸಿತು. ಫ್ರಾನ್ಸಿನ ವೇಜಾ ಕಂಪನಿಯ ಕಾಂಡೋರ್ ಕೂಡ ಹೆಚ್ಚುಕಡಿಮೆ ಇದೇ ಕುಲದ್ದು. ಸಸ್ಯಮೂಲದ ಮತ್ತು ಮರುಬಳಕೆಯ ವಸ್ತುಗಳು ಅದರಲ್ಲಿ ಅರ್ಧಕ್ಕೂ ಹೆಚ್ಚು.

ಕಬ್ಬಿನಿಂದ ಮೆತ್ತೆ ಹೇಗಾಗುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ದೊಡ್ಡ ತಪ್ಪುಗ್ರಹಿಕೆ ಹುಟ್ಟುವುದು ಇಲ್ಲಿಯೇ. ಕಬ್ಬಿನ ಸಕ್ಕರೆಯನ್ನು ಹುದುಗಿಸಿ ಎಥನಾಲ್ ತೆಗೆಯುತ್ತಾರೆ. ಎಥನಾಲಿನಿಂದ ನೀರಿನ ಅಂಶ ಕಳೆದರೆ ಎಥಿಲೀನ್. ಅದನ್ನು ವಿನೈಲ್ ಅಸಿಟೇಟಿನೊಂದಿಗೆ ಕೂಡಿಸಿದರೆ ಇವಿಎ ಎಂಬ ಪ್ಲಾಸ್ಟಿಕ್, ಅದನ್ನು ಉಬ್ಬಿಸಿದರೆ ಮೆತ್ತೆ. ಅರವತ್ತು ರೂಪಾಯಿಯ ಹವಾಯಿ ಚಪ್ಪಲಿಯಿಂದ ಹಿಡಿದು ಆರು ಸಾವಿರದ ಶೂವಿನವರೆಗೆ ಎಲ್ಲೆಡೆ ಕಾಣುವ ಇವಿಎ ಯಾವುದೋ, ರಾಸಾಯನಿಕವಾಗಿ ಇದೂ ಅದೇ. ಬೆಳೆಯುವಾಗ ಕಬ್ಬು ಗಾಳಿಯಿಂದ ಇಂಗಾಲವನ್ನು ಹೀರಿಕೊಂಡಿರುತ್ತದೆ ಎಂಬುದಷ್ಟೇ ಇದರ ಹೆಚ್ಚುಗಾರಿಕೆ, ಅದು ನಿಜವಾದ ಹೆಚ್ಚುಗಾರಿಕೆಯೂ ಹೌದು. ಆದರೆ ಕಬ್ಬಿನಿಂದ ಬಂದದ್ದು ಮಣ್ಣಿನಲ್ಲಿ ಕಬ್ಬಿನ ಸಿಪ್ಪೆಯ ಹಾಗೆ ಕೊಳೆಯುತ್ತದೆ ಎಂದುಕೊಂಡರೆ ಮೋಸ ಹೋದಂತೆ. ಸಸ್ಯದಿಂದ ಬಂದದ್ದು ಬೇರೆ, ಮಣ್ಣಾಗುವುದು ಬೇರೆ. ನಾನು ಜೊತೆ ಕೊಂಡ ಕಡೆ ಮಾರಾಟದವರು 'ಪೂರ್ತಿ ಮಣ್ಣಾಗುತ್ತೆ ಸಾರ್' ಎಂದು ಭರವಸೆ ಕೊಟ್ಟರು. ಯಾವ ಭಾಗ, ಎಷ್ಟು ದಿನಕ್ಕೆ ಎಂದು ಬರವಣಿಗೆಯಲ್ಲಿ ಕೇಳಿದಾಗ ಉತ್ತರ ಬರಲಿಲ್ಲ.

ನೀಲಗಿರಿಯ ಹೆಸರು ಕೇಳಿದರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರ ಹುಬ್ಬು ಗಂಟಿಕ್ಕುವುದು ಸಹಜ. ಅಂತರ್ಜಲ ಹೀರುತ್ತದೆಂಬ ಕಾರಣಕ್ಕೆ 2017ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಅದನ್ನು ಹೊಸದಾಗಿ ಬೆಳೆಸುವುದನ್ನು ನಿರ್ಬಂಧಿಸಿತು. ಆಲ್‌ಬರ್ಡ್ಸ್ ಬಳಸುವ ಮರ ದಕ್ಷಿಣ ಆಫ್ರಿಕಾದ ಮಳೆಯಾಶ್ರಿತ ತೋಟಗಳದ್ದು ಎಂದು ಕಂಪನಿ ಹೇಳುತ್ತದೆ. ಲಯೋಸೆಲ್ ಎಂಬ ಆ ನೂಲನ್ನು ತೆಗೆಯುವ ದ್ರಾವಕವನ್ನು ಬಹುಪಾಲು ಮರಳಿ ಹಿಡಿದು ಮತ್ತೆ ಬಳಸುವುದರಿಂದ, ರೇಯಾನ್ ತಯಾರಿಕೆಯ ಹಳೆಯ ಕ್ರಮಕ್ಕಿಂತ ಇದು ಎಷ್ಟೋ ಶುಚಿಯಾದದ್ದು. ಆದರೂ ಗಿಡದ ಹೆಸರು ಕೇಳಿದ ಮಾತ್ರಕ್ಕೆ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ತೀರ್ಮಾನಿಸಬಾರದು. ಅದು ಎಲ್ಲಿ, ಯಾವ ನೀರಿನಲ್ಲಿ ಬೆಳೆದದ್ದು ಎಂದು ಕೇಳಬೇಕು. ಕಬ್ಬಿಗೂ ಇದೇ ಮಾತು: ಬ್ರೆಜಿಲಿನ ಕಬ್ಬು ಹೆಚ್ಚಾಗಿ ಮಳೆ ನಂಬಿದ್ದು, ಮಂಡ್ಯದ್ದು ಕಾಲುವೆ ನಂಬಿದ್ದು.

ಇನ್ನು ಓಡಿದಾಗಿನ ಮಾತು. ನನ್ನ ಜೊತೆಯ ನಾಲಿಗೆಯ ಒಳಬದಿಗೆ ಮಾರ್ಕರಿನಿಂದ ಕೊಂಡ ದಿನ ಬರೆದುಕೊಂಡು, ಪ್ರತಿ ನೂರು ಕಿಲೋಮೀಟರಿಗೊಮ್ಮೆ ಹಿಮ್ಮಡಿಯ ಪಕ್ಕದ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಮೊದಲ 300 ಕಿ.ಮೀ. ಒತ್ತಿದ ಗುರುತು ಬೆರಳು ತೆಗೆಯುವಷ್ಟರಲ್ಲಿ ಮಾಯವಾಗುತ್ತಿತ್ತು. 400 ದಾಟಿದ ಮೇಲೆ ಹಿಮ್ಮಡಿಯ ಹೊರಬದಿಯಲ್ಲಿ ಹಣೆಯ ನೆರಿಗೆಯಂತಹ ಅಡ್ಡಗೆರೆಗಳು ಉಳಿಯತೊಡಗಿದವು. ಆ ವಾರದಿಂದಲೇ ಹತ್ತು ಕಿಲೋಮೀಟರಿನ ಓಟದ ಮರುದಿನ ಮೀನಖಂಡ ಬಿಗಿಯುವುದು ಗಮನಕ್ಕೆ ಬಂತು. ಅಟ್ಟೆಯ ಮೇಲೆ ರಬ್ಬರು ಪೂರ್ತಿ ಹರಡಿರಲಿಲ್ಲ. ಬರಿಯ ಫೋಮ್ ನೆಲ ಮುಟ್ಟುವ ಕಡೆ ಕಾಂಕ್ರೀಟು ಅದನ್ನು ತೆಂಗಿನಕಾಯಿ ತುರಿದಂತೆ ತುರಿದುಹಾಕಿತ್ತು. ಮಳೆಯಲ್ಲಿ ಒಂದು ದಿನ ಓಡಿ ಬಂದು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ, ಒಣಗಿದ್ದಾಗ 290 ಗ್ರಾಂ ಇದ್ದ ಶೂ 370 ಗ್ರಾಂ ತೂಗಿತು, ಮತ್ತು ಒಣಗಲು ಎರಡು ದಿನ ಹಿಡಿಯಿತು. ಒಳ್ಳೆಯ ಮಾತನ್ನೂ ಹೇಳಬೇಕು: ಬೇಸಿಗೆಯ ಬೆಳಗಿನಲ್ಲಿ ಇಷ್ಟು ತಂಪಾದ, ಬೆವರಿನ ವಾಸನೆ ಇಷ್ಟು ಕಡಿಮೆ ಹಿಡಿಯುವ ಮೇಲ್ಬಟ್ಟೆಯನ್ನು ನಾನು ಬೇರೆ ಯಾವ ಶೂವಿನಲ್ಲಿಯೂ ಕಂಡಿಲ್ಲ.

ಹೀಗಾಗಿ ವಾರಕ್ಕೆ 15ರಿಂದ 20 ಕಿ.ಮೀ. ಓಡುವ, ಉಳಿದ ದಿನ ಅದನ್ನೇ ಹಾಕಿಕೊಂಡು ನಡೆಯುವ, ಹಗುರ ಮೈಕಟ್ಟಿನ ಒಣಪ್ರದೇಶದವರಿಗೆ ಇದು ಒಪ್ಪುವ ಆಯ್ಕೆ. 80 ಕಿಲೋ ದಾಟಿದವರಿಗೆ, ಹಾಫ್ ಮ್ಯಾರಥಾನಿಗೆ ತಯಾರಿ ನಡೆಸುವವರಿಗೆ, ಕರಾವಳಿ ಮತ್ತು ಮಲೆನಾಡಿನವರಿಗೆ ನಾನು ಶಿಫಾರಸು ಮಾಡುವುದಿಲ್ಲ. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರಿಗೆ ಅಂಗಡಿಯಲ್ಲೇ ಹಾಕಿ ನೋಡುವ ಅನುಕೂಲ ಸಿಗಬಹುದು. ಇಲ್ಲಿಂದ ತರಿಸಿಕೊಳ್ಳುವವರು ಸಾಗಣೆ ಮತ್ತು ಸುಂಕವನ್ನು ಸೇರಿಸಿ ಕಿಲೋಮೀಟರಿನ ಲೆಕ್ಕ ಹಾಕಿದರೆ ಆಸೆ ಅರ್ಧ ಇಳಿಯುತ್ತದೆ.

ದೊಡ್ಡ ಕಂಪನಿಗಳ ಅರೆಹಸಿರು

ಈ ಬಗೆಯ ಶೂ ಮೊದಲು ಓಟದ ಶೂ, ಆಮೇಲೆ ಪರಿಸರಸ್ನೇಹಿ. ಉದಾಹರಣೆಗೆ 2023ರಲ್ಲಿ ಬಂದ ಅಸಿಕ್ಸ್ ಜೆಲ್-ನಿಂಬಸ್ 25ರ ಮೆತ್ತೆಯಲ್ಲಿ ಸುಮಾರು ಶೇಕಡ 20ರಷ್ಟು ಸಸ್ಯಮೂಲದ್ದು; ಮೇಲ್ಬಟ್ಟೆಯ ಮುಖ್ಯ ವಸ್ತುವಿನಲ್ಲಿ ಕನಿಷ್ಠ ಶೇಕಡ 75 ಮರುಬಳಕೆಯದ್ದು; ಒಳಗೆ ಪಾದದಡಿ ಹಾಸುವ ಪದರಕ್ಕೆ ಬಣ್ಣ ಹಾಕುವ ಕ್ರಮ ಬದಲಿಸಿ, ಹಳೆಯ ಕ್ರಮಕ್ಕಿಂತ ನೀರಿನ ಬಳಕೆಯನ್ನು ಸುಮಾರು ಶೇಕಡ 33ರಷ್ಟು ಇಳಿಸಿರುವುದಾಗಿ ಕಂಪನಿ ತಿಳಿಸಿದೆ. ನೈಕಿಯ ಪೆಗಾಸಸ್ ಟರ್ಬೋ ನೆಕ್ಸ್ಟ್ ನೇಚರ್ 2022ರಲ್ಲಿ ಬಂದಾಗ ತೂಕದಲ್ಲಿ ಅರ್ಧದಷ್ಟಾದರೂ ಮರುಬಳಕೆಯ ವಸ್ತು ಇತ್ತು. ಅಡಿಡಾಸ್, ಕಡಲ ಮಾಲಿನ್ಯದ ವಿರುದ್ಧ ಕೆಲಸ ಮಾಡುವ ಪಾರ್ಲಿ ಸಂಸ್ಥೆಯೊಂದಿಗೆ ಸೇರಿ, ಕಡಲತೀರಗಳಲ್ಲಿ ಹೆಕ್ಕಿದ ಪ್ಲಾಸ್ಟಿಕ್ಕಿನ ನೂಲಿನಿಂದ ಅಲ್ಟ್ರಾಬೂಸ್ಟ್ ಶೂಗಳ ಮೇಲ್ಬಟ್ಟೆ ಹೆಣೆಯಿತು.

ಶೇಕಡ 20 ಎಂದರೆ ಉಳಿದ 80 ಪೆಟ್ರೋಲಿಯಂ ಎಂದೇ ಅರ್ಥ, ಅದರಲ್ಲಿ ಮುಚ್ಚುಮರೆಯಿಲ್ಲ. ಬಾಟಲಿಯ ನೂಲಿನ ಬಗೆಗೂ ಒಂದು ಆಕ್ಷೇಪವಿದೆ: ಬಾಟಲಿ ಮತ್ತೆ ಬಾಟಲಿಯಾದರೆ ಇನ್ನೂ ಹಲವು ಸುತ್ತು ತಿರುಗಬಹುದು, ಫೋಮ್, ರಬ್ಬರು, ಅಂಟುಗಳ ಜೊತೆ ಶೂವಿನೊಳಗೆ ಸೇರಿದ ಮೇಲೆ ಅದನ್ನು ಬೇರ್ಪಡಿಸಿ ತೆಗೆಯುವುದು ಬಹಳ ಕಷ್ಟವಾದ್ದರಿಂದ ಅದರ ಸುತ್ತು ಅಲ್ಲಿಗೇ ಮುಗಿಯುತ್ತದೆ. ಆದರೆ ನನ್ನ ಮೊದಲ ಅಳತೆಗೋಲಿನಲ್ಲಿ ಈ ಬಗೆ ಗೆಲ್ಲುತ್ತದೆ. ಹಿಮ್ಮಡಿಯ ಕೆಳಗೂ ಮುಂಗಾಲಿನ ಕೆಳಗೂ ಗಟ್ಟಿ ರಬ್ಬರು ಇರುತ್ತದೆ, ಮೆತ್ತೆ ದಪ್ಪವಾಗಿದ್ದು ನಿಧಾನವಾಗಿ ಸೋಲುತ್ತದೆ, ಮೇಲ್ಬಟ್ಟೆ ಪಾಲಿಯೆಸ್ಟರ್ ಆದ್ದರಿಂದ ನೀರು ಹೀರಿಕೊಳ್ಳುವುದು ಕಡಿಮೆ. ಬೂಸ್ಟ್ ಮಾದರಿಯ, ಅಂದರೆ ಸಾಬುದಾನಿಯಂತೆ ಉಬ್ಬಿದ ಕಾಳುಗಳನ್ನು ಬೆಸೆದು ಮಾಡಿದ, ಟಿಪಿಯು ಎಂಬ ರಬ್ಬರಿನಂತಹ ಪ್ಲಾಸ್ಟಿಕ್ಕಿನ ಮೆತ್ತೆ ತೂಕದಲ್ಲಿ ಹೆಚ್ಚು, ಆದರೆ ಬಿಸಿಲು ಚಳಿಗಳಿಗೆ ಇವಿಎಯಷ್ಟು ಬೇಗ ಗುಣ ಬದಲಿಸುವುದಿಲ್ಲ, ಒತ್ತಿದ ಮೇಲೆ ಏಳುವ ಗುಣವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ. ಕಲ್ಯಾಣ ಕರ್ನಾಟಕದ ಬಿಸಿಲಿನಲ್ಲಿ ಓಡುವವರಿಗೆ ಇದು ಸಣ್ಣ ಮಾತಲ್ಲ.

ಇದರ ತೊಡಕು ಬೆಲೆ. ಮೆತ್ತೆ ಹೆಚ್ಚಿರುವ ಮೇಲ್ದರ್ಜೆಯ ಮಾದರಿಗಳು ನಮ್ಮಲ್ಲಿ ಹದಿನೈದು ಸಾವಿರದ ಆಸುಪಾಸಿನವು. ಆದರೆ ಪ್ರತಿ ವರ್ಷ ಹೊಸ ಸಂಖ್ಯೆಯ ಮಾದರಿ ಬಂದೊಡನೆ ಹಿಂದಿನ ಸಂಖ್ಯೆಯ ಬೆಲೆ ಇಳಿಯುತ್ತದೆ. ಅದನ್ನು ಕೊಂಡರೆ ಅಂಗಡಿಯಲ್ಲಿ ಉಳಿದುಹೋಗುವ ಸರಕೂ ಬಳಕೆಗೆ ಬಂದಂತಾಗುತ್ತದೆ. ಬಣ್ಣ ನಿಮ್ಮ ಇಷ್ಟದ್ದೇ ಸಿಗುತ್ತದೆಂದು ಮಾತ್ರ ಹೇಳಲಾರೆ. ನನಗೆ ಸಿಕ್ಕದ್ದು ಗಿಳಿಹಸಿರು, ಲೇಸು ಕೇಸರಿ.

ಮರಳಿ ಕೊಡುವ ಶೂಗಳು

ಕಾಗದದ ಮೇಲೆ ಎಲ್ಲಕ್ಕಿಂತ ಚೆಂದ ಕಾಣುವ ದಾರಿ ಇದು. ಶೂವನ್ನು ಹತ್ತಾರು ವಸ್ತುಗಳ ಬದಲು ಒಂದೇ ವಸ್ತುವಿನಿಂದ ಮಾಡಿದರೆ, ಅಥವಾ ಸುಲಭವಾಗಿ ಬಿಡಿಸಬರುವಂತೆ ಅಂಟಿಸಿದರೆ, ಸವೆದ ಮೇಲೆ ಕರಗಿಸಿ ಮತ್ತೆ ಬಳಸಬಹುದು. ಅಡಿಡಾಸ್ 2019ರಲ್ಲಿ ಪೂರ್ತಿ ಟಿಪಿಯುವಿನಿಂದಲೇ ಮಾಡಿದ ಫ್ಯೂಚರ್‌ಕ್ರಾಫ್ಟ್ ಲೂಪ್ ತೋರಿಸಿತು. ಸಾಲೊಮನ್ 2021ರಲ್ಲಿ ತಂದ ಇಂಡೆಕ್ಸ್ 01ರ ಮೆತ್ತೆಯನ್ನು ಅರೆದು ಹಿಮಜಾರು ಬೂಟುಗಳಿಗೆ ಬಳಸುವ ಏರ್ಪಾಡಿತ್ತು. ಸ್ವಿಟ್ಜರ್ಲೆಂಡಿನ ಆನ್ ಕಂಪನಿಯದು ಇನ್ನೊಂದು ಹೆಜ್ಜೆ ಮುಂದೆ: 2022ರಲ್ಲಿ ಅದು ಕ್ಲೌಡ್‌ನಿಯೋ ಶೂವನ್ನು ಮಾರುವ ಬದಲು ತಿಂಗಳಿಗೆ 29.99 ಡಾಲರ್ ಚಂದಾಕ್ಕೆ ಕೊಟ್ಟಿತು. ಸವೆದದ್ದನ್ನು ಕಳಿಸಿದರೆ ಹೊಸದು ಬರುವ ಏರ್ಪಾಡು. 2024ರಲ್ಲಿ ಬಂದ ಅಸಿಕ್ಸ್ ನಿಂಬಸ್ ಮಿರಾಯ್‌ನಲ್ಲಿ ಮೇಲ್ಬಟ್ಟೆ ಪೂರ್ತಿ ಪಾಲಿಯೆಸ್ಟರ್, ಮತ್ತು ಶಾಖ ಕೊಟ್ಟಾಗ ಬಿಟ್ಟುಕೊಳ್ಳುವ ಅಂಟು.

ಕ್ಲೌಡ್‌ನಿಯೋದ ಪ್ಲಾಸ್ಟಿಕ್ಕಿನ ಮೂಲ ಹರಳೆಣ್ಣೆ ಎಂಬುದು ನಮ್ಮವರಿಗೆ ಸ್ವಾರಸ್ಯದ ಸಂಗತಿ. ಅಜ್ಜಿಯಂದಿರು ನೆತ್ತಿಗೆ ತಟ್ಟುತ್ತಿದ್ದ, ಹೊಟ್ಟೆ ಕೆಟ್ಟರೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಎಣ್ಣೆ. ಹರಳು ಬೆಳೆಯುವುದರಲ್ಲಿ ಜಗತ್ತಿಗೇ ಭಾರತ ಮೊದಲು, ಭಾರತದೊಳಗೆ ಗುಜರಾತ್ ಮೊದಲು. ನಮ್ಮ ಬಯಲುಸೀಮೆಯಲ್ಲಿ ಅದು ಇಂದಿಗೂ ಹೊಲದ ಅಂಚಿನ ಬೆಳೆ. ಆಲ್‌ಬರ್ಡ್ಸ್ 2022ರಲ್ಲಿ ತಂದ ಟ್ರೀ ಫ್ಲೈಯರ್ ಶೂವಿನ ಮೆತ್ತೆಯಲ್ಲಿಯೂ ಹರಳೆಣ್ಣೆಯ ಪಾಲಿದೆ. ಕಬ್ಬಿನ ಇವಿಎಗಿಂತ ಇದು ಹಗುರ, ಪುಟಿತವೂ ಹೆಚ್ಚು. ವೇಗವಾಗಿ ಓಡುವವರು ಸಸ್ಯಮೂಲದ್ದೇ ಬೇಕೆಂದು ಪಟ್ಟು ಹಿಡಿದರೆ ಹುಡುಕಬೇಕಾದ ಪದ ಕಬ್ಬಲ್ಲ, ಹರಳು.

ಆದರೆ ಈ ದಾರಿಯ ಪ್ರಯೋಜನವೆಲ್ಲ ನಿಂತಿರುವುದು ಮರಳಿಸುವ ಕೊನೆಯ ಹೆಜ್ಜೆಯ ಮೇಲೆ. ಅರ್ಧ ಕಿಲೋ ತೂಕದ ಹಳೆಯ ಶೂಗಳನ್ನು ಹಾಸನದಿಂದ ಸಮುದ್ರದಾಚೆಗೆ ಅಂಚೆಯಲ್ಲಿ ಕಳಿಸಿ ಪರಿಸರ ಉಳಿಸಿದೆನೆಂದರೆ ನಗಬೇಕಾಗುತ್ತದೆ. ಮರಳಿ ಪಡೆಯುವ ಪೆಟ್ಟಿಗೆ ನಿಮ್ಮ ಊರಿನ ಅಂಗಡಿಯಲ್ಲೇ ಇದೆಯೇ ಎಂದು ಕೊಳ್ಳುವ ಮೊದಲು ಕೇಳಿ. ಇಲ್ಲವೆಂದರೆ ಅದೂ ಕೊನೆಗೆ ಉಳಿದ ಶೂಗಳ ಗುಡ್ಡಕ್ಕೇ ಸೇರುತ್ತದೆ, ಮತ್ತು ಅದಕ್ಕಾಗಿ ಕೊಟ್ಟ ಹೆಚ್ಚಿನ ಹಣ ವ್ಯರ್ಥ. ಮರಳಿಸಲು ಅನುಕೂಲವಿರುವ ನಗರಗಳಲ್ಲಿ ನೆಲೆಸಿ ವರ್ಷಕ್ಕೆ ಎರಡು ಮೂರು ಜೊತೆ ಸವೆಸುವವರಿಗೆ ಮಾತ್ರ ಇದು ಹೊಂದುತ್ತದೆ.

ಸಾಧಾರಣ ಶೂ, ಪೂರ್ತಿ ಬಳಕೆ

ಪರಿಸರದ ಮಾತೇ ಇಲ್ಲದ ಈ ಆಯ್ಕೆಯನ್ನು ನಾಲ್ಕನೆಯದಾಗಿ ಇಟ್ಟಿದ್ದರೂ, ಹೊಸದಾಗಿ ಓಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಡೆಕಾಥ್ಲಾನ್‌ನಂತಹ ಮಳಿಗೆಗಳಲ್ಲಿಯೂ ದೇಶೀಯ ಕಂಪನಿಗಳಲ್ಲಿಯೂ ಎರಡರಿಂದ ನಾಲ್ಕು ಸಾವಿರದೊಳಗೆ ಓಟಕ್ಕೆಂದೇ ಮಾಡಿದ ಇವಿಎ ಮೆತ್ತೆಯ ಶೂಗಳು ಸಿಗುತ್ತವೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇಕಡ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇಕಡ 18. ಆದ್ದರಿಂದ ಬೆಲೆ ಈ ಗೆರೆಯನ್ನು ಸ್ವಲ್ಪವೇ ದಾಟಿದ್ದರೆ ಅದಕ್ಕಿಂತ ಸ್ವಲ್ಪ ಕೆಳಗಿನ ಮಾದರಿಯನ್ನೂ ಒಮ್ಮೆ ಹಾಕಿ ನೋಡುವುದು ಜಾಣತನ. ಓಟ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯುವ ಮೊದಲೇ ಹದಿನೈದು ಸಾವಿರದ ಜೊತೆ ಕೊಂಡು, ಅದು ಮೂರು ತಿಂಗಳ ಮೇಲೆ ಕಪಾಟು ಸೇರಿದರೆ, ಓಡದೆ ಉಳಿದ ಆ ಶೂವಿನಷ್ಟು ಪರಿಸರಕ್ಕೆ ಹೊರೆಯಾದದ್ದು ಬೇರೊಂದಿಲ್ಲ.

ಇಂತಹ ಶೂಗಳ ಮೆತ್ತೆ ತೆಳುವಾಗಿರುವುದರಿಂದ ಒಂದೇ ಉಸಿರಿಗೆ ಹತ್ತು ಕಿಲೋಮೀಟರಿಗಿಂತ ಹೆಚ್ಚು ಓಡುವವರಿಗೂ ಭಾರ ಮೈಯವರಿಗೂ ಬೇಗ ಸಾಲದಾಗುತ್ತದೆ. ಆದರೆ ಓಟಕ್ಕೆ ಸೋತ ಜೊತೆ ನಡಿಗೆಗೆ ಇನ್ನೊಂದು ವರ್ಷ ಬರುತ್ತದೆ. ಅಟ್ಟೆ ಬಾಯಿ ಬಿಟ್ಟರೆ ರಸ್ತೆ ಬದಿಯ ರಿಪೇರಿಯವರು ಅಂಟು ಹಾಕಿ ಸುತ್ತ ಹೊಲಿಗೆ ಕೊಡುತ್ತಾರೆ. ಆ ಸೌಕರ್ಯ ಇಂದಿಗೂ ನಮ್ಮ ಪ್ರತಿಯೊಂದು ಪೇಟೆಯಲ್ಲಿದೆ. ಹೊಲಿಗೆ ಹಾಕಿಸಿದ ಮೇಲೆ ಅದರಲ್ಲಿ ಓಡಬೇಡಿ, ನಡೆಯಿರಿ. ಅಂಚಿನ ಬಿಗಿತ ಬದಲಾಗಿರುತ್ತದೆ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಅಗ್ಗದ ಶೂಗಳಲ್ಲಿ ಕೆಲವಕ್ಕೆ ಇವಿಎ ಬದಲು ಪಾಲಿಯುರಿಥೇನ್, ಅಂದರೆ ಪಿಯು ಮೆತ್ತೆ ಇರುತ್ತದೆ. ತೇವದ ಹವೆಯಲ್ಲಿ ಪಿಯು ನೀರಿನ ಅಂಶದೊಂದಿಗೆ ವರ್ತಿಸಿ ಒಳಗಿಂದಲೇ ಶಿಥಿಲವಾಗುತ್ತದೆ. ಎರಡು ಮಳೆಗಾಲ ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟ ಶೂ ಮೂರನೆಯ ವರ್ಷ ಹಾಕಿಕೊಂಡ ದಿನ ರಸ್ಕಿನಂತೆ ಪುಡಿಯಾಗುವುದು ಇದರಿಂದಲೇ. ಇವಿಎಗೆ ಈ ರೋಗವಿಲ್ಲ. ಅದಕ್ಕೆ ಆಗದಿರುವುದು ಬಿಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಕುಗ್ಗಿ ಅರ್ಧ ಸೈಜು ಚಿಕ್ಕದಾಗುವುದೂ ಉಂಟು.

ಹೈದರಾಬಾದಿನ ನೀಮನ್ಸ್‌ನಂತಹ ದೇಶೀಯ ಕಂಪನಿಗಳು ಮೆರಿನೋ ಉಣ್ಣೆಯಿಂದಲೂ ಹಳೆಯ ಬಾಟಲಿಯ ನೂಲಿನಿಂದಲೂ ಮಾಡುವ ಶೂಗಳ ಬಗೆಗೂ ಹಲವರು ಕೇಳುತ್ತಾರೆ. ದಿನದ ಓಡಾಟಕ್ಕೆ, ಕಚೇರಿಗೆ, ಪ್ರಯಾಣಕ್ಕೆ ಅವು ಹಿತವಾದವು. ಓಟದ ಶೂಗೆ ಹಿಮ್ಮಡಿಯನ್ನು ಅಲುಗದಂತೆ ಹಿಡಿಯುವ ಗಟ್ಟಿ ಬಟ್ಟಲೂ ಮುಂಗಾಲಿನ ಕೆಳಗೆ ಬಾಗುವ ಗೆರೆಗಳೂ ಬೇಕು. ಉಣ್ಣೆಯದ್ದಿರಲಿ ನೂಲಿನದ್ದಿರಲಿ, ಅವೆರಡು ಇವೆಯೇ ಎಂದು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ಓಟಕ್ಕೆ ಯೋಚಿಸಿ.

ನಿಮ್ಮದು ಯಾವ ಲೆಕ್ಕ

ಓಟ ಈಗಷ್ಟೇ ಆರಂಭ, ಬಜೆಟ್ ಮೂರು ಸಾವಿರ ಎನ್ನುವವರಿಗೆ ನಾಲ್ಕನೆಯ ದಾರಿಯ ಹೊರತು ಬೇರೆ ಯೋಚನೆ ಬೇಡ. ವಾರಕ್ಕೆ 30 ಕಿಲೋಮೀಟರಿಗೆ ಮೇಲ್ಪಟ್ಟು ಓಡುವವರು, ಬೆಂಗಳೂರಿನ ಹತ್ತು ಕಿಲೋಮೀಟರಿನ ಸ್ಪರ್ಧೆ ಮುಗಿಸಿ ಹಾಫ್ ಮ್ಯಾರಥಾನಿನತ್ತ ನೋಡುತ್ತಿರುವವರು, ಮೊಣಕಾಲು ಆಗಾಗ ಗೊಣಗುವವರು ದೊಡ್ಡ ಕಂಪನಿಗಳ ಅರೆಹಸಿರು ಮಾದರಿಯನ್ನು, ಅದರಲ್ಲಿಯೂ ಹಿಂದಿನ ವರ್ಷದ್ದನ್ನು ಕೊಂಡರೆ ಹಣಕ್ಕೂ ಹೊರೆಗೂ ಲೆಕ್ಕ ಸರಿಹೋಗುತ್ತದೆ. ಓಟ ಕಡಿಮೆ, ನಡಿಗೆ ಹೆಚ್ಚು, ಊರು ಒಣಹವೆಯದ್ದು, ಹತ್ತು ಹನ್ನೆರಡು ಸಾವಿರ ಕೊಡಲು ಅಡ್ಡಿಯಿಲ್ಲ ಎನ್ನುವವರಿಗೆ ಕಬ್ಬಿನ ಮೆತ್ತೆ ಸಂತೋಷ ಕೊಡುತ್ತದೆ. ಎರಡು ಜೊತೆಗಳನ್ನು ದಿನ ಬಿಟ್ಟು ದಿನ ಬಳಸುವವರು ಉದ್ದ ಓಟಕ್ಕೆ ಅರೆಹಸಿರು, ಸಣ್ಣ ಓಟಕ್ಕೆ ಕಬ್ಬಿನದು ಎಂದು ಹಂಚಿಕೊಳ್ಳಬಹುದು. ನಡುವೆ ಒಂದು ದಿನ ಬಿಡುವು ಸಿಕ್ಕರೆ ಬೆವರು ಪೂರ್ತಿ ಆರುತ್ತದೆ, ಮೆತ್ತೆಗೂ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ.

ಅಂಗಡಿಗೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ನಿಂತಾಗ ಉದ್ದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಉಳಿಯಬೇಕು. ಶೂವನ್ನು ಬಟ್ಟೆ ಹಿಂಡುವಂತೆ ಎರಡೂ ಕೈಯಲ್ಲಿ ತಿರುಚಿ ನೋಡಿ. ಮಧ್ಯಭಾಗ ಸುಲಭವಾಗಿ ತಿರುಚಿಕೊಂಡರೆ ಚಪ್ಪಟೆ ಪಾದದವರಿಗೆ ಅದು ಬೇಡ. ತಲೆಕೆಳಗೆ ಮಾಡಿ ಹಿಮ್ಮಡಿಯ ಹೊರ ಅಂಚಿನಲ್ಲಿ ರಬ್ಬರು ಇದೆಯೇ ಎಂದು ಉಗುರಿನಿಂದ ಗೀರಿ ನೋಡಿ. ಫೋಮ್ ಆಗಿದ್ದರೆ ಗೀರು ಉಳಿಯುತ್ತದೆ, ಅಂಗಡಿಯವರು ಬೈದಾರು, ಮೆಲ್ಲಗೆ ಗೀರಿ. ಸವೆದ ಹಳೆಯ ಜೊತೆಯನ್ನು ಕಸಕ್ಕೆ ಹಾಕುವ ಮೊದಲು ಮುಂಬೈಯ ಗ್ರೀನ್‌ಸೋಲ್‌ನಂತಹ ಸಂಸ್ಥೆಗಳನ್ನು ವಿಚಾರಿಸಿ. ಹಳೆಯ ಶೂಗಳ ಅಟ್ಟೆಯಿಂದ ಚಪ್ಪಲಿ ಮಾಡಿ ಬರಿಗಾಲಿನ ಮಕ್ಕಳಿಗೆ ತಲುಪಿಸುವ ಕೆಲಸ ಅದರದ್ದು. ಹೊಸ ಜೊತೆ ಮನೆಗೆ ಬಂದ ದಿನವೇ ಬಿಲ್ಲನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿ, ನಾಲಿಗೆಯ ಒಳಗೆ ದಿನಾಂಕ ಬರೆದು, ಮೊದಲ ವಾರ ಮನೆಯೊಳಗೇ ಅರ್ಧ ಗಂಟೆ ನಡೆದಾಡಿ. ಹಿಮ್ಮಡಿ ಉಜ್ಜಿದರೆ ಬದಲಾಯಿಸಿಕೊಳ್ಳಲು ಅಟ್ಟೆ ಆಗಿನ್ನೂ ಶುಭ್ರವಾಗಿರುತ್ತದೆ.